ಕೆಮ್ಮಿದರೆ ನಗಬೇಕು

ಹೆಂಡತಿಯ ಕಣ್ಣೀರನ್ನು ಒಂದೇ ಸಿನಿಮಾ ಆಟದಲ್ಲಿ ಬತ್ತಿಸಿಬಿಡುತ್ತೇನೆ ಎಂದು ಶಹಾಪುರದ ತಹಸೀಲ್ ಕಚೇರಿಯಲ್ಲಿ, ಸಹ ಗುಮಾಸ್ತರೆಲ್ಲರ ಎದುರಿಗೆ ನಾನು ಘೋಷಿಸಿದೆ. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ, ತೊಂದರೆಯಾದದ್ದೇ ಅದರಿಂದ.

ನಬಿಸಾಬನ ಟೆಂಟಿನಲ್ಲಿ ಹಿಂದಿನ ತಿಂಗಳು ಓಡಿದ ಸಿನಿಮಾ ನೋಡಲು ತಾಲ್ಲೂಕಿಗೆ ತಾಲ್ಲೂಕೇ ಗಾಡಿ ಕಟ್ಟಿಕೊಂಡು ಬಂದಿತ್ತು. ಹೊಳೆಯಲ್ಲಿ ಕೊಚ್ಚಿಹೋದ ಮಗ, ಅತ್ತು ಅತ್ತು ಕುರುಡಾದ ತಾಯಿ, ಮತ್ತೆ ಮತ್ತೆ ಹಾಡು. ನನ್ನ ಹೆಂಡತಿ ರೇಣಮ್ಮ ಅದನ್ನು ನೋಡಿ ಬಂದ ವಾರವೆಲ್ಲ ರೊಟ್ಟಿಯ ಹಿಟ್ಟಿಗೆ ಬೇರೆ ನೀರು ಬೇಕಾಗಲಿಲ್ಲ! ನಾನೋ, ಆ ತಾಯಿ ಸಾಯುವ ಹೊತ್ತಿಗೆ ಟೆಂಟು ಹಾರುವಂತೆ ನಕ್ಕುಬಿಟ್ಟಿದ್ದೆ. ಓಣಿಯ ಹೆಂಗಸರೆಲ್ಲ ರೇಣಮ್ಮನಿಗೆ ಛೀಮಾರಿ ಹಾಕಿದರು. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟು ಪಡಸಾಲೆಯ ಕಂಬದೊಡನೆ ಮಾತಾಡುತ್ತಿದ್ದಳು. “ರೊಟ್ಟಿ ಆರಾಕತ್ಯಾವ ಅಂತ ಹೇಳಪಾ” ಎಂದು ಕಂಬಕ್ಕೆ ಹೇಳುವಳು, ಊಟಕ್ಕೆ ನಾನು ಏಳಬೇಕು. ಕಂಬದ ಮರ್ಯಾದೆಯೂ ನನಗಿಲ್ಲದ್ದು ನಿಜಕ್ಕೂ ನೋವಾಗಿತ್ತು.

ಅಷ್ಟರಲ್ಲಿ ಹೊಸ ಸಿನಿಮಾ ಬಂತು. “ಇದು ಅಳೋ ಪಿಕ್ಚರ್ ಅಲ್ರಿ ಸಾಹೇಬ್ರ, ಅಳೋ ಪಿಕ್ಚರಿನ ಮಾನ ಕಳಿಯೋ ಪಿಕ್ಚರ್” ಎಂದ ನಬಿಸಾಬ. ನಾನು ಓಡುತ್ತ ಮನೆಗೆ ಬಂದೆ.

“ಇದನ್ನ ನೋಡು. ನಿನ್ನ ಆ ತಾಯಿ-ಮಗನ್ನ ಹೆಂಗ ಗೇಲಿ ಮಾಡ್ಯಾರ ಅಂದ್ರ, ಇನ್ನ ಜನ್ಮದಾಗ ಅಳಂಗಿಲ್ಲ.”

ಅವಳು ಕಂಬವನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ನನಗ ನಗು ಬರಲಿಲ್ಲಂದ್ರ?”

“ಎದುರು ಮನಿ ಶಂಕ್ರಮ್ಮನ ಕಟ್ಟಿಮ್ಯಾಲ ಓಣಿ ಹೆಣ್ಮಕ್ಕಳೆಲ್ಲಾ ಕುಂತಾಗ ಬಂದು, ಅವತ್ತು ನಕ್ಕಿದ್ದು ತಪ್ಪಾತು ಅಂತ ಕೈ ಮುಗೀತೀನಿ. ನೀ ನಕ್ಕರ ಅಳೋ ಪಿಕ್ಚರ್ ಬಿಡಬೇಕು.”

“ಆತ್ರಿ.”

ಸಿನಿಮಾ ಹಿಂದೂಸ್ತಾನಿಯದು, ಆ ಮಾತು ರೇಣಮ್ಮನಿಗೆ ಎಲ್ಲಿ ತಿಳಿಯಬೇಕು! ನಾನು ನಿಜಾಮರ ಕಾಲದಲ್ಲಿ ಉರ್ದು ಓದಿ ನೌಕರಿ ಹಿಡಿದವನು. ಈಗ ಧಾರವಾಡದಿಂದ ಬಂದ ಹೊಸ ಸಾಹೇಬರು ನನ್ನನ್ನು ಅ ಆ ಇ ಈ ತಿದ್ದಲು ಕೂರಿಸಿದ್ದರು. ಕಚೇರಿಯಲ್ಲಿ ಕವಡೆ ಕಿಮ್ಮತ್ತಿಲ್ಲದ ನನ್ನ ಉರ್ದುವಿಗೆ ಟೆಂಟಿನಲ್ಲಾದರೂ ದರ್ಬಾರು ಸಿಗಲಿ ಎಂಬ ಆಸೆ ನನ್ನದು. ಆದರೆ ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಚಾಪೆ ಕಟ್ಟಿರುತ್ತಾರೆ. ಅರ್ಥ ಹೇಳುವುದು ಹೇಗೆ? “ನಾ ಎಲ್ಲಿ ಕೆಮ್ಮತೀನಿ, ಅಲ್ಲಿ ನಗು” ಎಂದು ಆಜ್ಞೆ ಮಾಡಿದೆ.

ಪರದೆಯ ಮೇಲೆ ಬಿರುಗಾಳಿಗೆ ಮನೆ ಹಾರಿಹೋಯಿತು, ತಾಯಿಯ ಕೈಯ ದೀಪ ಮಾತ್ರ ಆರಲಿಲ್ಲ. ಕೆಮ್ಮಿದೆ. ಚಾಪೆಯ ಆಚೆ ನಗೆ ಸಿಡಿಯಿತು, ಅದೂ ರೇಣಮ್ಮನೊಬ್ಬಳದಲ್ಲ, ಇಡೀ ಓಣಿಯದು! ಗುಂಡು ತಿಂದು ಸತ್ತವನು ಎದ್ದು ಕೂತು, ಹಾಡು ಮುಗಿಸಿ, ಮತ್ತೆ ಸತ್ತ. ಕೆಮ್ಮಿದೆ. ಮತ್ತೆ ನಗೆ. ನನ್ನ ಗಂಟಲೇ ಸರ್ಕಾರವಾಗಿಬಿಟ್ಟಿತ್ತು.

ವಿರಾಮದಲ್ಲಿ ಆ ಖುಷಿಗೆ ಮಿರ್ಚಿ ಭಜಿ ತಿಂದೆ. ನಮ್ಮ ಹೊಸ ಸಾಹೇಬರು ಸಂಸಾರ ಸಮೇತ ಬಂದಿದ್ದನ್ನು ಕಂಡ ನಬಿಸಾಬ, ಮೊದಲೇ ತೋರಿಸಬೇಕಿದ್ದ ಸರ್ಕಾರಿ ವಾರ್ತಾಚಿತ್ರವನ್ನು ಆಗ ನೆನಪಿಸಿಕೊಂಡು ಹಾಕಿದ. ಯಾರೋ ಮಂತ್ರಿಗಳು ಕನ್ನಡಿಗರೆಲ್ಲ ಒಂದಾಗುವ ದಿನ ಬಂತೆಂದು ಕೈ ಎತ್ತಿದರು. ಮೆಣಸಿನಕಾಯಿ ನನ್ನ ಗಂಟಲಿಗೆ ಹತ್ತಿತು. ಕೆಮ್ಮಿದೆ. ಹೆಂಗಸರು ನಕ್ಕರು. ಮಂತ್ರಿಗಳು ಕಾಲುವೆ ತೋಡಿಸುತ್ತೇವೆಂದರು. ಕೆಮ್ಮು, ನಗೆ. ಶಾಲೆ ಕಟ್ಟಿಸುತ್ತೇವೆಂದರು. ಕೆಮ್ಮು, ನಗೆ. ಮುಂದಿನ ಕುರ್ಚಿಯಿಂದ ಸಾಹೇಬರು ಕೆಂಡದಂತೆ ತಿರುಗಿದರು. ಸರ್ಕಾರ ಬದಲಾದರೂ ಆ ಕುರ್ಚಿ ಮಾತ್ರ ಹಳೆಯದೇ, ಕೂತವರು ತಿರುಗುವ ರೀತಿಯೂ ಹಳೆಯದೇ. ನನ್ನ ನೌಕರಿ ಹೋಯಿತೆಂದುಕೊಂಡೆ. ಆದರೆ ಆಚೆಯ ನಗೆಯಲ್ಲಿ ತಮ್ಮ ಮನೆಯವರ ದನಿಯೇ ಎಲ್ಲಕ್ಕಿಂತ ಜೋರಾಗಿದ್ದುದು ಅವರಿಗೆ ಕೇಳಿಸಿರಬೇಕು. ಸುಮ್ಮನೆ ಮುಂದಕ್ಕೆ ತಿರುಗಿದರು.

ಸಿನಿಮಾ ಮುಂದುವರಿಯಿತು. ಕುರುಡಿ ತಾಯಿ ಕಳೆದುಹೋದ ಮಗನನ್ನು ಮುಟ್ಟಿ ಗುರುತಿಸುವ ಸೀನು. ಕಳ್ಳನನ್ನು ಮುಟ್ಟಿ “ಬೇಟಾ” ಎಂದಳು. ಪೊಲೀಸನನ್ನು ಮುಟ್ಟಿ “ಬೇಟಾ” ಎಂದಳು. ಕೊನೆಗೆ ಒಂದು ಕುರಿಯನ್ನು ತಬ್ಬಿ, ಬೆನ್ನು ಸವರಿ, “ಎಷ್ಟು ಸೊರಗಿದ್ದೀಯೋ, ಉಂಡೆಯಾ?” ಎಂದಳು. ಟೆಂಟು ಬಿದ್ದು ಬಿದ್ದು ನಕ್ಕಿತು.

ನನಗೆ ಕೆಮ್ಮು ಬರಲಿಲ್ಲ. ನಮ್ಮದು ರಾಮಸಮುದ್ರದ ಕುರಿ ಸಾಕುವ ಮನೆ. ನಾನು ಕಲಬುರಗಿಗೆ ಓದಲು ಹೋದಾಗ ನಮ್ಮವ್ವನಿಗೆ ಕಣ್ಣು ಮಬ್ಬಾಗಿತ್ತು. ಸಂಜೆ ಹಟ್ಟಿಯಲ್ಲಿ ಕೂತು, ಕೈಗೆ ಸಿಕ್ಕ ಮರಿಯನ್ನು ನಾನೆಂದು ಸವರುತ್ತ “ಬೀರಾ, ಉಂಡಿಯೇನೋ?” ಎನ್ನುತ್ತಿದ್ದಳಂತೆ. ಈಗ ಅವಳಿಲ್ಲ. ಆ ಕುರಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಮನೆಗೆ ನಡೆಯುವಾಗ ಗಂಟಲು ಸರಿಮಾಡಿಕೊಂಡು ಕೇಳಿದೆ. “ನಕ್ಕಿ ಇಲ್ಲೋ? ಗೆದ್ದಾವ ನಾ.”

“ನಕ್ಕೇನ್ರಿ, ಹೊಟ್ಟಿ ಹಿಡಕೊಂಡು. ಅಳೋ ಪಿಕ್ಚರ್ ಬಿಟ್ಟೆ, ಮಾತಂದ್ರ ಮಾತು.”

“ನೋಡ್ದಿ? ನಾ ಕೆಮ್ಮಲಿಲ್ಲಂದ್ರ ನಿನಗೇನು ತಿಳೀತಿತ್ತು?”

“ತವರಾಗ ಗೆಳತಿ ನಜೀಮಾನ ಬಾಜೂ ಮನ್ಯಾಗ ಬೆಳದಾಕಿ ನಾ. ಉರ್ದು ಮಾತು ನನಗ ತಿಳಿಯಂಗಿಲ್ಲೇನ್ರಿ? ಪಿಕ್ಚರಿಗೆ ನಮ್ಮಷ್ಟಕ್ಕ ನಾವೇ ನಕ್ಕೀವಿ. ನಡುನಡುವ ನಿಮ್ಮ ಕೆಮ್ಮಿಗೂ ನಕ್ಕೀವಿ.”

ನಾನು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡೆ. ಸ್ವಲ್ಪ ದೂರ ನಡೆದು ಅವಳೇ ಮೆತ್ತಗೆ ಅಂದಳು.

“ಕೆಮ್ಮು ಒಮ್ಮೆಲೇ ನಿಂತಿತಲ್ಲ, ಏನಾತೋ ಅಂತ ಗಾಬರಿಯಾಗಿ ಎಲ್ಲಾರೂ ಚಾಪಿ ಸರಿಸಿ ನೋಡೀವ್ರಿ. ಶಂಕ್ರಮ್ಮ ನನ್ನ ಕೈ ಹಿಡಕೊಂಡು ಹೇಳ್ಯಾಳ, ‘ಪಾಪ, ಇನ್ನೊಮ್ಮೆ ಆತನ್ನ ನಗೋ ಪಿಕ್ಚರಿಗೆ ಕರಕೊಂಡು ಬರಬ್ಯಾಡವಾ, ತಡಕೊಳ್ಳಂಗಿಲ್ಲ.’”