ಮಾಚಿಪತ್ರೆ ಕೋಣೆಯ ಹೊಗೆಗಾವಲು ಯಂತ್ರಕ್ಕೆ

ಗೆ,
ಶ್ರೀಮಾನ್ ಹೊಗೆಗಾವಲು ಯಂತ್ರದವರು,
ನಡುತೊಲೆಯ ಪಕ್ಕ, ಚಾವಣಿ,
ಡಾಕ್ಟರ್ ಕ್ವಾಂಗ್ ಅವರ ಸೂಜಿ ಚಿಕಿತ್ಸಾಲಯ, ಲಾಂದ್ರದ ಓಣಿ.

ಮಾನ್ಯರೇ,

ತಮ್ಮ ಬ್ಯಾಟರಿ ಆಯುರಾರೋಗ್ಯದಿಂದಿದೆಯೆಂದೂ, ತಮ್ಮ ಮೂಗಿನ ಸಣ್ಣ ಜಾಲರಿಗೆ ಧೂಳು ಕೂತಿಲ್ಲವೆಂದೂ, ತಮ್ಮ ಕೆಂಪು ಕಣ್ಣು ಎಂದಿನಂತೆ ಮಿಟುಕುತ್ತಿದೆಯೆಂದೂ ನಂಬಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾವೆಲ್ಲ ಕ್ಷೇಮವಾಗಿದ್ದಿದ್ದರೆ ಯಾರೂ ಚಾವಣಿಗೆ ಪತ್ರ ಬರೆಯಲು ಕೂರುತ್ತಿರಲಿಲ್ಲವಾದ್ದರಿಂದ ಆ ಒಂದು ಸಾಲನ್ನು ಬಿಟ್ಟಿದ್ದೇನೆ, ಮನ್ನಿಸಬೇಕು.

ನನ್ನ ಪರಿಚಯ ಹೇಳಿಕೊಳ್ಳುವುದು ಧರ್ಮ. ನಾನು ರುವಾನ್ ಶೌಪಿಂಗ್, ನದಿಯಾಚೆಯ ಹತ್ತಿ ಗಿರಣಿಯಲ್ಲಿ ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ನಿನ ಹಿಡಿಯನ್ನು ನಿವೃತ್ತಿಯವರೆಗೆ ಎಳೆದವನು. ಹಾಗಾಗಿ ನಾವಿಬ್ಬರೂ ಒಂದೇ ಕಸುಬಿನವರು, ನಾನು ತಮಗಿಂತ ಹಿರಿಯ. ನನ್ನ ಕಾಲದಲ್ಲಿ ಕೂಗುವುದಕ್ಕೆ ಮೊದಲು ಗಡಿಯಾರ ನೋಡುವ ಕೆಟ್ಟ ಅಭ್ಯಾಸವಿತ್ತು. ತಾವು ಯಾವುದನ್ನೂ ನೋಡುವುದಿಲ್ಲ, ಕಾಲ ಮುಂದುವರಿದಿದೆ. ತಮ್ಮ ನೇರ ಕೆಳಗೆ, ಕಿಟಕಿ ಪಕ್ಕದ ಮಂಚದಲ್ಲಿ, ತಲೆಗೆ ಸೂಜಿ ಚುಚ್ಚಿಸಿಕೊಂಡು ಮಲಗುತ್ತಿದ್ದ ದೊಂಗ್‌ಮೇ ಎಂಬಾಕೆ ನನ್ನ ಹೆಂಡತಿ. ತಾವು ಆಕೆಯನ್ನು ನೆತ್ತಿಯ ಕಡೆಯಿಂದ ಮಾತ್ರ ಬಲ್ಲಿರಿ.

ತಮ್ಮ ಆಗಮನವನ್ನು ನಾವು ಮರೆತಿಲ್ಲ. ಹಿರಿಯರ ಗೋರಿಗಳನ್ನು ಗುಡಿಸಿ ಬರುವ ಹಬ್ಬ ಕಳೆದ ಮೇಲೆ, ಬೀದಿ ಕಚೇರಿಯ ಸುರಕ್ಷತಾ ಅಧಿಕಾರಿ ನಿಯೆ ಅವರು ಏಣಿ ಹತ್ತಿ ತಮ್ಮನ್ನು ಸ್ವತಃ ತಿರುಪು ಹಾಕಿ ಬಿಗಿದರು. ಈ ಊರಿನಲ್ಲಿ ಮಾಚಿಪತ್ರೆ ಬೆಳೆಯದ ಬದುವಿಲ್ಲ, ದೋಣಿ ಹಬ್ಬದ ಬೆಳಿಗ್ಗೆ ಅದನ್ನು ಕಟ್ಟದ ಬಾಗಿಲಿಲ್ಲ. ಅದನ್ನು ಒಣಗಿಸಿ, ಕುಟ್ಟಿ ಅರಳೆ ಮಾಡಿ, ಬತ್ತಿ ಹೊಸೆದು, ಹೊತ್ತಿಸಿ ರೋಗಿಯ ಮೈಯ ಬಿಂದುಗಳಿಗೆ ಕಾವು ಕೊಡುವುದೊಂದೇ ಆ ಕೋಣೆಯ ಕೆಲಸ. ಆ ಹೊಗೆಗೆ ಅಲ್ಲಿಯ ಗೋಡೆಗಳು ಚಹಾದ ಬಣ್ಣಕ್ಕೆ ತಿರುಗಿವೆ. ಹೊಗೆ ಕಂಡರೆ ಕಿರುಚುವ ತಮ್ಮನ್ನು ಊರಿನಲ್ಲಿ ಬೇರೆಲ್ಲೂ ಇಡದೆ ಅಲ್ಲಿಯೇ ಇಟ್ಟದ್ದು ಆಡಳಿತದ ದೂರದೃಷ್ಟಿಯಲ್ಲದೆ ಇನ್ನೇನು? ಮೀನಿನ ಮಾರುಕಟ್ಟೆಗೆ, ನಾತ ಬಂದರೆ ಓಡಿಬಂದು ಹೇಳು ಎಂದು ಕಾವಲುಗಾರನನ್ನು ನೇಮಿಸಿದ ಹಾಗೆ.

ಡಾಕ್ಟರ್ ಕ್ವಾಂಗ್ ವಯಸ್ಸಾದ ಹೆಂಗಸು, ದೂರದೃಷ್ಟಿ ಕಡಿಮೆ. ಅವರು ಏಣಿಯ ಬುಡದಲ್ಲಿ ನಿಂತು, “ಏನಯ್ಯಾ ನಿಯೆ, ಅಡುಗೆಮನೆಗೆ ಬಂದು ಒಲೆ ಉರೀತಿದೆ ಅಂತ ಬೊಬ್ಬೆ ಹೊಡೆಯೋಕೆ ಇದನ್ನ ತಂದ್ಯಾ?” ಎಂದು ಕೇಳಿದರು. ನಿಯೆ ಅವರು ಮೇಲಿನಿಂದಲೇ, “ಅಜ್ಜಿ, ನನ್ನ ಬಾಯಿ ಮುಚ್ಚಿಸಬಹುದು, ಮೇಲಿನೋರ ಬಾಯಿ ಮುಚ್ಚಿಸೋಕಾಗುತ್ತಾ? ಎಲ್ಲಾ ಚಿಕಿತ್ಸಾಲಯಕ್ಕೂ ಒಂದೊಂದು ಬಂದಿದೆ, ನಿಮಗೂ ಬಂದಿದೆ” ಎಂದರು. ತಾವು ಕೂಗಿದ ಕೂಡಲೇ ಸುದ್ದಿ ತಂತಿಯಲ್ಲಿ ಅಗ್ನಿಶಾಮಕ ಠಾಣೆ ಸೇರುತ್ತದೆಂದೂ, ಒಳಗಿದ್ದವರು ಇದ್ದ ಸ್ಥಿತಿಯಲ್ಲೇ ಹೊರಗೆ ಬರತಕ್ಕದ್ದೆಂದೂ ನಮಗೆ ತಿಳಿಸಲಾಯಿತು. ಡಾಕ್ಟರು ಕಿಟಕಿ ತೆರೆದು, ಬತ್ತಿಗಳನ್ನು ಕಡಿಮೆ ಮಾಡಿ, ಬೀಸಣಿಗೆಯಲ್ಲಿ ಹೊಗೆಯನ್ನು ಹೊರಗಟ್ಟುತ್ತ ತಮ್ಮ ನಿದ್ದೆ ಕೆಡದಂತೆ ಬೇಸಿಗೆಯವರೆಗೂ ಕಾಪಾಡಿದರು.

ಈಗ ನನ್ನ ಹೆಂಡತಿಯ ವಿಷಯ. ದೊಂಗ್‌ಮೇ ನಮ್ಮ ಓಣಿಯ ಮಾಜಾಂಗ್ ಮೇಜಿನ ಮಹಾರಾಣಿಯಾಗಿದ್ದಳು. ಆಟದ ಬಿಲ್ಲೆಯನ್ನು ಎತ್ತಿಕೊಂಡು ಕಣ್ಣಿನಲ್ಲಿ ನೋಡದೆ, ಹೆಬ್ಬೆರಳಿನಲ್ಲಿ ಅದರ ಕೆತ್ತನೆ ಸವರಿಯೇ ಇದು ಬಿದಿರು, ಇದು ಮೂಡಣ ಗಾಳಿ ಎಂದು ಮೇಜಿಗೆ ಬಡಿಯುವವಳು. ಹೋದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದು ಬಾಯಿ ಎಡಕ್ಕೆ ಸೊಟ್ಟಗಾಯಿತು, ಬಲಗೈ ಮುಚ್ಚಿದ ಮೊಗ್ಗಿನಂತೆ ಮುಚ್ಚಿಯೇ ಉಳಿಯಿತು. ಕೈಗಿಂತ ಅವಳನ್ನು ಹೆಚ್ಚು ಕಾಡಿದ್ದು ಬಾಯಿ. “ಆ ಪೆಂಗ್ ಈ ಮುಖ ನೋಡ್ಬಾರದು. ನೋಡಿದ್ಲು ಅಂದ್ರೆ ನಾನು ಸತ್ತೆ ಅಂತ ತಿಳ್ಕೋ” ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಪೆಂಗ್ ಎಂದರೆ ಎದುರುಮನೆಯ ವಿಧವೆ, ಜೀವಮಾನವೆಲ್ಲ ನನ್ನ ಹೆಂಡತಿಗೆ ಸೋತು, ಸೋತಾಗಲೆಲ್ಲ ಜಗಳವಾಡಿದವಳು. ಅಂದಿನಿಂದ ದೊಂಗ್‌ಮೇ ಶಾಲಿನಲ್ಲಿ ಮುಖ ಮುಚ್ಚಿಕೊಂಡು, ಓಣಿ ಏಳುವ ಮೊದಲೇ, ಹಿತ್ತಿಲ ದಾರಿಯಲ್ಲಿ ಮಾತ್ರ ಚಿಕಿತ್ಸಾಲಯಕ್ಕೆ ಹೋಗಿ ಬರುತ್ತಿದ್ದಳು.

ಡಾಕ್ಟರ್ ಕ್ವಾಂಗ್ ಅವಳ ನೆತ್ತಿಗೆ, ಕೆನ್ನೆಗೆ, ಹೆಬ್ಬೆರಳು ತೋರುಬೆರಳುಗಳ ನಡುವಿನ ಕಣಿವೆಗೆ ಸೂಜಿ ಇಟ್ಟರು, ಮಣಿಕಟ್ಟಿಗೆ ಮಾಚಿಪತ್ರೆಯ ಕಾವು ಕೊಟ್ಟರು. ವಸಂತ ಮುಗಿಯುವ ಹೊತ್ತಿಗೆ ಹೆಬ್ಬೆರಳು ಬಿಡಿಸಿಕೊಂಡಿತು. ಒಂದು ದಿನ ಊಟದ ಹೊತ್ತಿನಲ್ಲಿ ನಾನು ಅವಳ ಅಂಗೈಯಲ್ಲಿ ಸುಮ್ಮನೆ ಒಂದು ಬಿಲ್ಲೆ ಇಟ್ಟೆ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಸವರಿ, “ಬಿದಿರು. ಒಂದು ಮೂಲೆ ಮುಕ್ಕಾಗಿದೆ. ಬೀಳಿಸಿದ್ದು ನೀನೇ” ಎಂದಳು. ಬೀಳಿಸಿದ್ದು ನಾನೇ. ನನಗೆ ಅಳು ಬಂತು. ಸೂಪಿನ ಬಟ್ಟಲು ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಅತ್ತೆ. ಯಂತ್ರದವರಾದ ತಮಗೆ ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆಂದರೆ, ತಾವು ಏನನ್ನು ಕಾಪಾಡಿದಿರಿ ಎಂಬುದು ತಮಗೆ ತಿಳಿದಿರಬೇಕು.

ಸುಡುಬೇಸಿಗೆಯ ಆ ದಿನ ಬಂತು. ಬಿಸಿಲು ತಲೆಗೇರಿದ ದಿನವೇ ಬೆನ್ನಿಗೆ ಉರಿಲೇಪ ಹಚ್ಚಿಸಿಕೊಂಡರೆ ಚಳಿಗಾಲದ ಕೆಮ್ಮು ಹತ್ತಿರ ಸುಳಿಯುವುದಿಲ್ಲವಾದ್ದರಿಂದ ಅರ್ಧ ಊರು ಬಾಗಿಲಲ್ಲಿ ಸಾಲು ನಿಂತಿತ್ತು. ನಸುಕಿನಲ್ಲೇ ಬಂದ ದೊಂಗ್‌ಮೇಗೂ ಆ ಗದ್ದಲದಲ್ಲಿ ಸೂಜಿ ಬೀಳುವಷ್ಟರಲ್ಲಿ ಹಗಲೇರಿತ್ತು. ಒಳಗೆ ಎಲ್ಲ ಮಂಚವೂ ತುಂಬಿದ್ದು, ಡಾಕ್ಟರ ಬೀಸಣಿಗೆಗೆ ಕೈ ಸಿಗದೆ, ಹೊಗೆ ತಮ್ಮ ದಿವ್ಯ ನಾಸಿಕವನ್ನು ಮುಟ್ಟಿತು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ಅಕ್ಷರಶಃ ನಂಬಿದ ತಾವು ಕೂಗಿದಿರಿ. ವೃತ್ತಿಬಾಂಧವನಾಗಿ ಹೇಳುತ್ತೇನೆ, ಅದು ಅತ್ಯುತ್ತಮ ಕೂಗು. ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ಧ್ವನಿಯನ್ನು ನಮ್ಮ ಗಿರಣಿಯೂ ಕಂಡಿರಲಿಲ್ಲ.

ಈಗ ರೋಗಿಗಳ ಸ್ಥಿತಿ ಅತ್ತ ದರಿ ಇತ್ತ ಪುಲಿ. ಸೂಜಿ ಮೈಯಲ್ಲಿದ್ದಾಗ ಅಲುಗಬಾರದು ಎಂಬುದು ಡಾಕ್ಟರ ಕಾನೂನು. ಇದ್ದ ಸ್ಥಿತಿಯಲ್ಲೇ ಹೊರಡಬೇಕು ಎಂಬುದು ತಮ್ಮದು. ನಾವು ಎರಡನ್ನೂ ಗೌರವಿಸುವ ಜನ. ಆದ್ದರಿಂದ ಎಲ್ಲರೂ ಅಲುಗದಂತೆ ಹೊರಟರು. ಹಂದಿಮಾಂಸದ ಅಂಗಡಿಯ ತು ಎಂಬಾತ ಬೆನ್ನ ತುಂಬ ನೋವು ಹೀರುವ ಗಾಜಿನ ಬಟ್ಟಲುಗಳನ್ನು ಅಂಟಿಸಿಕೊಂಡು, ತಲೆಯ ಮೇಲೆ ಮೊಟ್ಟೆ ಬುಟ್ಟಿ ಹೊತ್ತವನಂತೆ ಅಡಿಯಿಟ್ಟ. ನಿವೃತ್ತ ಗಣಿತದ ಮೇಷ್ಟ್ರು ಹೊಕ್ಕುಳ ಮೇಲೆ ಹೊಗೆಯಾಡುವ ಮಾಚಿಪತ್ರೆಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಗಾಂಭೀರ್ಯದಿಂದ ಹೊರಬಂದರು. ಠಾಣೆಯಿಂದ ಧಾವಿಸಿದ ತರುಣರು ಬಹಳ ಹುಡುಕಿಯೂ ಕಟ್ಟಡದಲ್ಲಿ ಬೆಂಕಿ ಕಾಣದೆ, ಕಣ್ಣಿಗೆ ಬಿದ್ದ ಒಂದೇ ಒಂದು ಹೊಗೆಯ ಮೂಲವಾದ ಮೇಷ್ಟ್ರನ್ನು ಆರಿಸಿದರು. “ಆ ಹೊಟ್ಟೇಲಿ ಹೊತ್ತಿದ್ದು ಬೆಂಕಿ ಅಲ್ಲ ಕಣ್ರಪ್ಪಾ, ಔಷಧಿ!” ಎಂದು ತು ಕೂಗುವಷ್ಟರಲ್ಲಿ ನೀರು ಬಿದ್ದಾಗಿತ್ತು. ತಮ್ಮ ಸೇವಾವಧಿಯಲ್ಲಿ ತಾವು ಪತ್ತೆಹಚ್ಚಿ ನಂದಿಸಿದ ಏಕೈಕ ವಸ್ತು ಅವರೇ.

ಇಷ್ಟೇ ಆಗಿದ್ದರೆ ಊರು ನಕ್ಕು ಮರೆಯುತ್ತಿತ್ತು, ನಾನೂ ನಗುತ್ತಿದ್ದೆ. ಆದರೆ ಶಾಲು ಒಳಗೇ ಉಳಿದು, ನೆತ್ತಿಯಲ್ಲಿ ಸೂಜಿಗಳನ್ನು ಹೊತ್ತು, ದೊಂಗ್‌ಮೇ ಹಗಲು ಬೆಳಕಿನಲ್ಲಿ, ಓಣಿಯ ತುದಿಯ ಸಂತೆಬೀದಿಯ ನಡುವೆ ನಿಂತಿದ್ದಳು. ಎದುರಿಗೆ ತಾವರೆಗೆಡ್ಡೆಯ ಚೀಲ ಹಿಡಿದು ಪೆಂಗ್. “ಅಯ್ಯೋ, ದೊಂಗ್‌ಮೇ! ನನಗೆ ಸೋಲ್ತೀನಿ ಅಂತ ಹೆದರಿ ಊರೇ ಬಿಟ್ಟೆ ಅಂದ್ಕೊಂಡಿದ್ದೆ ಕಣೇ” ಎಂದಳು ಪೆಂಗ್. ಪಾಪ, ಅವಳಿಗೆ ಬೇರೆ ಮಾತು ಹೊಳೆದಿರಲಿಕ್ಕಿಲ್ಲ. ನನ್ನ ಹೆಂಡತಿ ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡು, ಸೂಜಿಗಳೊಂದಿಗೇ ಮನೆಗೆ ನಡೆದಳು. ಡಾಕ್ಟರ್ ಕ್ವಾಂಗ್ ಏದುಸಿರು ಬಿಡುತ್ತ ನಮ್ಮ ಮನೆಗೆ ಓಡಿಬಂದು ಅವನ್ನು ತೆಗೆಯಬೇಕಾಯಿತು.

ಅಂದಿನಿಂದ ಅವಳು ಚಿಕಿತ್ಸೆಗೆ ಹೋಗಲಿಲ್ಲ. “ಆ ಹಬೆರೊಟ್ಟಿ ಮುಖದ್ದು ಅಲ್ಲಿರೋ ತನಕ ನಾನು ಆ ಮಂಚ ಹತ್ತಲ್ಲ” ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಹಬೆರೊಟ್ಟಿ ಎಂದದ್ದು ದುಂಡಗೆ ಬೆಳ್ಳಗಿರುವ ತಮ್ಮನ್ನು. ಅವಳ ಪರವಾಗಿ ಕ್ಷಮೆ ಕೇಳುತ್ತೇನೆ. ಹೆಬ್ಬೆರಳು ಮತ್ತೆ ಒಳಕ್ಕೆ ಮಡಚಿಕೊಳ್ಳತೊಡಗಿತು. ಬಿಲ್ಲೆ ಇಟ್ಟರೆ ಅದು ಜಾರಿ ನೆಲಕ್ಕೆ ಬೀಳುತ್ತಿತ್ತು, ಬೀಳಿಸಿದ್ದು ಯಾರೆಂದು ಅವಳು ಹೇಳುತ್ತಿರಲಿಲ್ಲ. ಆ ಮೌನಕ್ಕಿಂತ ತಮ್ಮ ಕೂಗೇ ವಾಸಿ ಎನಿಸಿತು ನನಗೆ.

ನಾನು ಬೀದಿ ಕಚೇರಿಗೆ ಹೋದೆ. ಯಂತ್ರ ಸರಿಯಾಗಿಯೇ ಕೆಲಸ ಮಾಡಿದೆಯೆಂದೂ, ಜಿಲ್ಲೆಯಲ್ಲೇ ಮೊದಲು ಕೂಗಿದ ಯಂತ್ರವೆಂಬ ಹೆಮ್ಮೆ ನಮ್ಮ ಓಣಿಯದೆಂದೂ, ಇನ್ನೊಮ್ಮೆ ಕೂಗಿದರೆ ಕೋಣೆಗೆ ಬೀಗ ಹಾಕಬೇಕಾಗುತ್ತದೆಂದೂ ನಿಯೆ ಅವರು ಚಹಾ ಕೊಟ್ಟು ತಿಳಿಸಿದರು. ಹೊಗೆಯಿಲ್ಲದ ಬತ್ತಿ ಬಳಸಬಹುದಲ್ಲ ಎಂಬ ಅವರ ಸಲಹೆಯನ್ನು ನಾನು ಡಾಕ್ಟರಿಗೆ ಮುಟ್ಟಿಸಿದಾಗ ಅವರು, “ಅವನಿಗೆ ಖಾರ ಇಲ್ಲದ ಮೆಣಸಿನಕಾಯಿ ಒಂದು ಮೂಟೆ ಕಳಿಸ್ತೀನಿ ಅಂತ ಹೇಳು” ಎಂದರಲ್ಲದೆ, ಬತ್ತಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಮುಚ್ಚಿದರು.

ಆದಕಾರಣ ಮಾನ್ಯರಲ್ಲಿ ನನ್ನ ಬಿನ್ನಹವಿಷ್ಟೇ. ತಾವು ಒಂದು ದಿನ ಬಿಡುವು ಮಾಡಿಕೊಂಡು ಚಾವಣಿಯಿಂದ ಇಳಿದು ಮಂಚದ ಮೇಲೆ ಮಲಗಬೇಕು. ಮೂಗಿನ ಹೊಳ್ಳೆಯ ಎರಡೂ ಬದಿಗೆ, ಸುಗಂಧವನ್ನು ಸ್ವಾಗತಿಸುವ ಬಿಂದು ಎಂದು ನಮ್ಮವರು ಕರೆಯುವ ಜಾಗವಿದೆ; ಅಲ್ಲಿ ಸೂಜಿ ಬಿದ್ದರೆ ಮದ್ದಿನ ಹೊಗೆ ಯಾವುದು, ಮನೆ ಸುಡುವ ಹೊಗೆ ಯಾವುದು ಎಂಬ ವಿವೇಕ ತಮಗೂ ಹುಟ್ಟಬಹುದು. ಕತ್ತಿನ ಹಿಂದೆ ಮಾತು ನಿಂತವರಿಗೆ ಮಾತು ಬರಿಸುವ ಬಿಂದುವೊಂದಿದೆ. ಅದನ್ನು ತಿರುಗುಮುರುಗಾಗಿ ಬಳಸಲು ಬರುತ್ತದೆಯೇ ಎಂದು ಡಾಕ್ಟರು ಯೋಚಿಸುತ್ತಿದ್ದಾರೆ. ತಮಗೆ ಕತ್ತಿಲ್ಲದಿರುವುದೊಂದೇ ತೊಡಕು. ಇದಾವುದೂ ಸಾಧ್ಯವಿಲ್ಲವಾದರೆ, ದಯಮಾಡಿ ಒಂದು ಸಣ್ಣ ನೆಗಡಿ ಮಾಡಿಕೊಳ್ಳಿ.

ಹೀಗೆಂದು ಬರೆದು ಮುಗಿಸಬೇಕೆಂದಿದ್ದಾಗ ಪೆಂಗ್ ನಮ್ಮ ಹೊಸಿಲಿಗೆ ಬಂದಳು. ಕಂಕುಳಲ್ಲಿ ಮಾಜಾಂಗ್ ಪೆಟ್ಟಿಗೆ. ಒಳಗೆ ಮಲಗಿದ್ದವಳನ್ನು ನೋಡದೆ, ಬೆನ್ನು ತಿರುಗಿಸಿ ಹೊಸಿಲ ಮೇಲೆ ಕೂತು, “ನಿನ್ನ ಮುಖ ನೋಡೋಕೆ ಬಂದಿಲ್ಲ ಕಣೇ. ನೆಟ್ಟಗಿದ್ದಾಗೇನು ಸುಂದರಿ ಆಗಿದ್ಯಾ? ಸಂತೇಲಿ ನಾನು ಅಂದಿದ್ದು ತಪ್ಪಾಯ್ತು. ನೀನಿಲ್ಲದ ಮೇಜಲ್ಲಿ ದಿನಾ ಗೆಲ್ತಿದೀನಿ, ಬೇಜಾರಾಗಿ ಸಾಯ್ತಿದೀನಿ” ಎಂದಳು. ಒಳಗಿನಿಂದ, “ಆ ಕೂಗುಮಾರಿ ಅಲ್ಲಿದೆಯಲ್ಲ” ಎಂಬ ಸಣ್ಣ ಧ್ವನಿ ಬಂತು. ಪೆಂಗ್ ಎದ್ದು ನಿಂತು, “ಅದಕ್ಕೆ ನಾನೊಂದು ಗೌರವ ಮಾಡ್ತೀನಿ, ಸುಮ್ನಿರು” ಎಂದಳು.

ಗುಣವಾದವರು ವೈದ್ಯರಿಗೆ ಕೆಂಪು ಮಖಮಲ್ಲಿನ ಮೇಲೆ ಹೊಂಬಣ್ಣದ ಅಕ್ಷರಗಳ ಪತಾಕೆ ಅರ್ಪಿಸುವುದು ನಮ್ಮಲ್ಲಿ ನಡೆದು ಬಂದದ್ದು. ಒಮ್ಮೆ ತೂಗಿದ ಪತಾಕೆಯನ್ನು ಯಾರೂ ಇಳಿಸುವುದಿಲ್ಲ. ಇಳಿಸಿದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಪೆಂಗ್ ಮತ್ತು ಓಣಿಯ ಹೆಂಗಸರು ತಮಗಾಗಿ ಅಂಥದೊಂದನ್ನು ಹೊಲಿದರು: “ಬೆಂಕಿ ಹುಟ್ಟುವ ಮೊದಲೇ ಕಂಡ ಮಹಾನುಭಾವರಿಗೆ, ಲಾಂದ್ರದ ಓಣಿಯ ಕೃತಜ್ಞ ನಿವಾಸಿಗಳಿಂದ.” ಕೆಳಗೆ ಅಧಿಕಾರಿ ನಿಯೆ ಅವರ ಹೆಸರನ್ನೂ ಸ್ವಲ್ಪ ದೊಡ್ಡದಾಗಿಯೇ ಹೊಲಿಯಲಾಯಿತು. ಗೋಡೆಗಳ ತುಂಬ ಡಾಕ್ಟರ ಪತಾಕೆಗಳಿದ್ದು ಜಾಗವಿರಲಿಲ್ಲ. “ಅಂಗಾತ ಮಲಗಿದೋರು ನಿಮ್ಮ ಹೆಸರು ಓದ್ಬೇಕಲ್ವಾ ಸಾಹೇಬ್ರೇ, ಮೇಲಕ್ಕೇ ಬಿಗೀರಿ” ಎಂದು ಪೆಂಗ್ ಸೂಚಿಸಿದಳು. ನಿಯೆ ಅವರು ಸಂತೋಷದಿಂದ ಏಣಿ ಹತ್ತಿ, ತೊಲೆಯಿಂದ ತೊಲೆಗೆ ಚಾವಣಿಯುದ್ದಕ್ಕೂ ಅದನ್ನು ಎಳೆದು, ಮೊಳೆ ಹೊಡೆದು, ಫೋಟೋ ತೆಗೆಸಿಕೊಂಡರು. ಎರಡು ಪದರದ ಒಳ್ಳೆಯ ಮಖಮಲ್ಲು. ತಾವು ಅದರ ನಟ್ಟನಡುವೆ, ಅದರ ಹಿಂದೆ, ಸನ್ಮಾನಿತರಾಗಿದ್ದೀರಿ.

ಇಂದು ಬೆಳಿಗ್ಗೆ ಓಣಿ ಎಚ್ಚರವಾಗಿದ್ದಾಗಲೇ, ಮುಂಬಾಗಿಲಿನಿಂದ, ಶಾಲಿಲ್ಲದೆ, ಪೆಂಗ್‌ಳ ತೋಳು ಹಿಡಿದು ದೊಂಗ್‌ಮೇ ಬಂದು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದಾಳೆ. ಡಾಕ್ಟರು ಬತ್ತಿ ಹೊತ್ತಿಸಿದ್ದಾರೆ. ಹೊಗೆ ಮೇಲೇರಿ ಮಖಮಲ್ಲಿಗೆ ವಂದಿಸಿ ಕಿಟಕಿಯಿಂದ ಹೊರಗೆ ಹೋಗುತ್ತಿದೆ. ತಾವು ವಿಶ್ರಾಂತಿಯಲ್ಲಿರುವಷ್ಟು ದಿನ ತಮ್ಮ ಕೆಲಸವನ್ನು ನಾನೇ ವಹಿಸಿಕೊಂಡು, ಬಾಗಿಲ ಬಳಿ ಬಕೆಟ್ಟು ನೀರು ಮತ್ತು ಗಿರಣಿಯ ಹಳೆಯ ಕೈ ಸೈರನ್ನು ಇಟ್ಟುಕೊಂಡು ಕೂತಿದ್ದೇನೆ. ನಾನು ಕೂಗುವ ಮೊದಲು ನೋಡುತ್ತೇನೆ.

ತಮ್ಮ ಮೂಗಿಗೂ ಮೌನಕ್ಕೂ ಚಿರಋಣಿಯಾದ,
ತಮ್ಮ ವಿಶ್ವಾಸಿ,
ರುವಾನ್ ಶೌಪಿಂಗ್

ಮರೆತ ಮಾತು: ತಮಗೊಬ್ಬರಿಗೇ ಬೇಸರವಾಗದಿರಲೆಂದು ಮುಂದಿನ ವರ್ಷ ಇನ್ನೂ ಸೂಕ್ಷ್ಮ ಮೂಗಿನ ಸಹೋದ್ಯೋಗಿಯೊಬ್ಬರನ್ನು ಕಳುಹಿಸುವುದಾಗಿ ನಿಯೆ ಅವರು ಹೇಳಿಹೋಗಿದ್ದಾರೆ. ದಯವಿಟ್ಟು ಬರಲು ಹೇಳಿ, ಸನ್ಮಾನಕ್ಕೆ ಮಖಮಲ್ಲು ಈಗಲೇ ತಂದಿಟ್ಟಿದ್ದೇವೆ. ಈ ಸಲದ ಅಕ್ಷರಗಳನ್ನು ಹೊಲಿಯುವವಳು ದೊಂಗ್‌ಮೇ, ಬಲಗೈಯಲ್ಲಿ.