ಫ್ಲೆಕ್ಸಿನಲ್ಲಿದ್ದವರು ಹಾಜರಿದ್ದಂತೆ

ಪಾಂಡವಪುರ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವಿದೆ. ಹಳೆಯ ಫ್ಲೆಕ್ಸುಗಳನ್ನು ಅದರೊಳಗೆ ತುಂಬಿ ಬೀಗ ಹಾಕಿದ್ದರಿಂದ ಅದು ಒಂದು ದಿನವೂ ಗಲೀಜಾಗಿರಲಿಲ್ಲ. ಪಿಂಚಣಿಗೆಂದು ಬಂದ ಹೆಂಗಸರು ಹಿಂದಿನ ಕಬ್ಬಿನ ಗದ್ದೆಗೆ ಹೋಗುತ್ತಿದ್ದರು. ಕೀಲಿ ಗುಮಾಸ್ತನಾದ ನನ್ನ ಉಡಿದಾರದಲ್ಲಿ ಭದ್ರವಾಗಿತ್ತು.

ಆ ಬೀಗ ತೆಗೆಸಬೇಕೆಂಬುದು ಅಧ್ಯಕ್ಷೆ ಮಂಚಮ್ಮನವರ ಒಂದೇ ಆಸೆ. ಅಧ್ಯಕ್ಷರಾಗಿಯೂ ಕಬ್ಬಿನ ಗದ್ದೆಗೇ ಹೋಗಬೇಕಲ್ಲ ಎಂದು ಒಮ್ಮೆ ನನ್ನೆದುರು ಕಣ್ಣೊರೆಸಿಕೊಂಡಿದ್ದರು. ಆದರೆ ಸಭೆ ನಡೆಸುವವರು ಅವರ ಯಜಮಾನರು ಚಲುವಯ್ಯನವರು. 'ಪತಿ ಹಾಜರಿದ್ದರೆ ಅಧ್ಯಕ್ಷರು ಹಾಜರಿದ್ದಂತೆ' ಎಂದು ನಡಾವಳಿ ಪುಸ್ತಕದಲ್ಲೇ ಇದೆ. ಮಂಚಮ್ಮನವರು ಹಸು ಕರೆದು, ಡೈರಿಗೆ ಹಾಲು ಹಾಕಿ, ಆಮೇಲೆ ಸಹಿ ಹಾಕುತ್ತಿದ್ದರು.

ಮಹಿಳಾ ದಿನಾಚರಣೆಗೆ ಫ್ಲೆಕ್ಸ್ ಅಂಗಡಿಯ ಅಕ್ಷಿತಾ ಒಂದು ಚಿತ್ರ ಮಾಡಿಕೊಟ್ಟಳು. ಕುರ್ಚಿಯಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಪೆನ್ನು, ಮೇಲೆ 'ಸಹಿಯೂ ನನ್ನದು, ಮಾತೂ ನನ್ನದು'. ಮಂಚಮ್ಮನವರು ಅದನ್ನು ಬಹಳ ಹೊತ್ತು ನೋಡಿದರು.

ಚಿತ್ರ ಚೆನ್ನಾಗಿತ್ತು, ಖಾಲಿ ಜಾಗ ಮಾತ್ರ ಜಾಸ್ತಿಯಾಯಿತು. ಫ್ಲೆಕ್ಸಿನಲ್ಲಿ ಜಾಗ ಖಾಲಿ ಬಿಡುವುದು ನಮ್ಮ ಕಡೆ ಪದ್ಧತಿಯಲ್ಲ. ಉಪಾಧ್ಯಕ್ಷರ ಮುಖ ಬಂತು, ಸದಸ್ಯರು ಬಂದರು, ಅವರ ಭಾಮೈದಂದಿರು ಬಂದರು. ಹೆಂಗಸು ಕುಗ್ಗುತ್ತಾ ಕುಗ್ಗುತ್ತಾ ಬೆರಳುದ್ದವಾದಳು. ಹನ್ನೊಂದನೆಯ ಮುಖಕ್ಕೆ ಜಾಗವಿಲ್ಲವೆಂದು ಅಕ್ಷಿತಾ ಫೋನ್ ಮಾಡಿದಾಗ, ಹೆಣ್ಣುಮಕ್ಕಳು ಹೊಂದಿಕೊಂಡು ಹೋಗಬೇಕೆಂದು ಸಭೆ ಅಭಿಪ್ರಾಯಪಟ್ಟಿತು. ಹೆಂಗಸನ್ನು ತೆಗೆದು ಕುರ್ಚಿಯಲ್ಲಿ ಚಲುವಯ್ಯನವರನ್ನೇ ಕೂರಿಸಲಾಯಿತು. ಘೋಷಣೆಯನ್ನು ಬದಲಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ದಿನಾಚರಣೆಯ ಸಂಜೆ ಹನ್ನೊಂದು ಮಂದಿ ಫ್ಲೆಕ್ಸಿನ ಮುಂದೆ ಫೋಟೊ ತೆಗೆಸಿಕೊಂಡು ಸಭೆಗೆಂದು ಒಳಗೆ ಬರುವಷ್ಟರಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಮಂಚಮ್ಮನವರು ಕೂತುಬಿಟ್ಟಿದ್ದರು.

"ಏಳಮ್ಮಿ, ಜನ ನೋಡ್ತಾವ್ರೆ," ಎಂದರು ಚಲುವಯ್ಯನವರು ಮೆಲ್ಲಗೆ.

"ನೀವು ಆಗ್ಲೇ ಅಲ್ಲಿ ಕೂತಿದ್ದೀರಲ್ಲ," ಎಂದು ಮಂಚಮ್ಮನವರು ಬಾಗಿಲಾಚೆ ಕಾಣುತ್ತಿದ್ದ ಫ್ಲೆಕ್ಸಿನ ಕಡೆ ಕೈ ತೋರಿಸಿದರು. "ನೀವು ಬಂದ್ರೆ ನಾನು ಬಂದಂಗೆ ಅಂತ ಬರ್ಕಂಡಿದ್ರಿ. ಅಂಗೇಯ, ಫ್ಲೆಕ್ಸ್ ಬಂದ್ರೆ ನೀವೆಲ್ಲ ಬಂದಂಗೆ. ಓಗಿ, ಅಸ ಕರೆಯೋ ಒತ್ತಾಯ್ತು."

ನಾನು ಪುಸ್ತಕ ತಿರುವಿದೆ. ಈ ವಾದವನ್ನು ಅಲ್ಲಗಳೆದರೆ ಮೂರು ವರ್ಷದ ಸಭೆಗಳೆಲ್ಲ ಅಸಿಂಧು. ಅಷ್ಟು ಹೇಳಿದ್ದೇ ತಡ, ಹನ್ನೊಂದು ಮಂದಿಯೂ ಗೌರವದಿಂದ ಹೊರನಡೆದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಬೀಗ ತೆಗೆಯುವುದೇ ಮೊದಲ ಠರಾವು. ಆಕ್ಷೇಪಣೆ ಇದೆಯೇ ಎಂದು ಅಧ್ಯಕ್ಷರು ಫ್ಲೆಕ್ಸನ್ನು ಕೇಳಿದರು. ಎಲ್ಲರೂ ಕೈ ಮುಗಿದುಕೊಂಡು ನಗುತ್ತಲೇ ಇದ್ದರು. ಸರ್ವಾನುಮತ ಎಂದು ಬರೆದು ಉಡಿದಾರದಿಂದ ಕೀಲಿ ಬಿಚ್ಚಿಕೊಟ್ಟೆ.

ಈಗ ಪ್ರತಿ ಸಭೆಗೂ ಫ್ಲೆಕ್ಸ್ ಕಟ್ಟುತ್ತೇವೆ, ಕೋರಂ ಕೊರತೆಯೆಂಬುದಿಲ್ಲ. ಚಲುವಯ್ಯನವರು ಡೈರಿಗೆ ಹಾಲು ಹಾಕಿ ಬಂದು, ಸಭೆಯಲ್ಲಿ ತಾವು ಏನೇನು ಒಪ್ಪಿದೆವೆಂದು ನನ್ನನ್ನು ವಿಚಾರಿಸಿ ಹೋಗುತ್ತಾರೆ. ಇರುವುದು ಒಂದೇ ತೊಂದರೆ. ಮಹಿಳಾ ಶೌಚಾಲಯವನ್ನು ಈಗ ದಿನಾ ತೊಳೆಸಬೇಕಾಗಿದೆ.