ಕಪ್ಪು ದ್ರವ್ಯದ ಹಾಜರಾತಿ

ನಾಗಪುರದ ಸಿವಿಲ್ ಲೈನ್ಸ್‌ನಲ್ಲಿರುವ ಕಣ ಪರಿಶೀಲನಾ ಕಚೇರಿಯ ಒಪ್ಪಿಗೆಯಿಲ್ಲದೆ ಯಾವ ಕಣವನ್ನೂ ಕಣವೆಂದು ಪರಿಗಣಿಸತಕ್ಕದ್ದಲ್ಲ ಎಂಬುದು ನಿಯಮ. ಊರಾಚೆಯ ಹಳೆಯ ಗಣಿಯ ತಳದಲ್ಲಿ, ದ್ರವ ಝೆನಾನ್ ತುಂಬಿದ ತೊಟ್ಟಿಯನ್ನು ಮೂರು ವರ್ಷ ಕಾಯುತ್ತ ಕೂತ ವಿಜ್ಞಾನಿ ಶಾಂಭವಿ ಈ ನಿಯಮವನ್ನು ಮರೆತೇಬಿಟ್ಟಿದ್ದಳು.

ತೊಟ್ಟಿಯೊಳಗೆ ಕಣ ಬಡಿದರೆ ಬೆಳಕು ಎರಡು ಸಲ ಮಿನುಗುತ್ತದೆ. ಎರಡನೆಯದು ಜೋರಾಗಿದ್ದರೆ ಎಲೆಕ್ಟ್ರಾನಿಗೆ ಬಡಿದದ್ದು. ಕಲ್ಲು, ಗೋಡೆಗಳಿಂದ ಬರುವ ವಿಕಿರಣದ ದಿನನಿತ್ಯದ ಕಿರಿಕಿರಿ. ಮಂಕಾಗಿದ್ದರೆ ಪರಮಾಣುವಿನ ನಡುವಿನ ಬೀಜಕ್ಕೇ ಬಡಿದದ್ದು, ಬಹುಶಃ ಎಲ್ಲದರೊಳಗೂ ಹಾದುಹೋಗುವ, ಯಾರ ಕೈಗೂ ಇನ್ನೂ ಸಿಗದ ಕಪ್ಪು ದ್ರವ್ಯ. ಹನ್ನೊಂದು ಸಾವಿರ ಕಿರಿಕಿರಿಗಳ ನಡುವೆ ಅವಳಿಗೆ ಅಂಥದ್ದು ಒಂದೇ ಒಂದು ಸಿಕ್ಕಿತ್ತು. ಮಾರ್ಚ್ ಕೊನೆಗೆ ಅವಳ ನೌಕರಿಯ ಅವಧಿ ಮುಗಿಯಲಿತ್ತು. ಆ ಒಂದನ್ನು ಕಚೇರಿ ಒಪ್ಪಿದರೆ ತಾನೂ ತೊಟ್ಟಿಯೂ ಉಳಿಯಬಹುದು ಎಂದು ನಂಬಿ ಬಂದಿದ್ದಳು.

ಅಧೀಕ್ಷಕ ಕೇದಾರನಾಥರು ಅವಳಂತೆಯೇ ವಿಜಯಪುರದ ಕಡೆಯವರು, ಮೂವತ್ತು ವರ್ಷ ಅರ್ಜಿ ವಿಂಗಡಿಸಿ ಪಳಗಿದವರು. ಕಡತ ತಿರುವಿ ನಿಟ್ಟುಸಿರಿಟ್ಟರು.

"ನೋಡವಾ, ಅರ್ಜಿ ಬಂದ್ ಮ್ಯಾಲೆ ಹಿಂದಿಂದ ದೊಡ್ಡವರದೊಂದು ಜೋರ್ ಫೋನ್ ಬರಬೇಕು. ಇದರ ಎರಡನೇ ಬೆಳಕ ಬರೋಬರ್ ಇಲ್ಲ. ಅಂದ್ರ ಇದರ ಹಿಂದ ಯಾರೂ ಇಲ್ಲ."

"ಸರ್, ಮಂಕ ಇರೂದ ಅದರ ಗುರುತ್ರಿ."

"ನಾನೂ ಅದನ್ನ ಹೇಳಾಕತ್ತೀನಿ. ಉಳಿದ ಹನ್ನೊಂದ್ ಸಾವಿರಕ್ಕ ಎಷ್ಟ್ ಚಲೋ ಶಿಫಾರಸು ಐತಿ ನೋಡು."

ಆ ಹನ್ನೊಂದು ಸಾವಿರವನ್ನು ಅಂದೇ ಕಪ್ಪು ದ್ರವ್ಯವೆಂದು ಘೋಷಿಸಲಾಯಿತು. ಉಳಿದ ಒಂದನ್ನು ತಿರಸ್ಕರಿಸುವ ಮುನ್ನ ಅಹವಾಲು ಕೇಳಬೇಕಾದ್ದರಿಂದ, 'ಸದರಿ ಕಣವು ಸೋಮವಾರ ಹನ್ನೊಂದು ಗಂಟೆಗೆ ಎರಡು ಭಾವಚಿತ್ರಗಳೊಂದಿಗೆ ಖುದ್ದು ಹಾಜರಾಗತಕ್ಕದ್ದು' ಎಂದು ನೋಟಿಸು ಹೊರಟಿತು.

ಸೋಮವಾರ ಒಂದು ಕುರ್ಚಿ ಹಾಕಲಾಯಿತು. ಜವಾನ ನಂದೀಶ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ಶಾಂಭವಿ ಎದ್ದು ನಿಂತಳು.

"ಅದು ಈಗ ನಮ್ಮೆಲ್ಲಾರ ಮೈಯಾಗ ಹಾದು ಹೋತ್ರಿ ಸರ್" ಎಂದಳು.

ಕೇದಾರನಾಥರು ತಲೆಯಾಡಿಸಿ ಬರೆದುಕೊಂಡರು: 'ಹಾಜರಾಗಿ, ಸಹಿ ಮಾಡದೆ ನಿರ್ಗಮಿಸಿದೆ. ಅರ್ಧ ದಿನ ಗೈರುಹಾಜರಿ. ಕಡತ ಮುಕ್ತಾಯ.'

ಆಮೇಲೆ ಇನ್ನೊಂದು ಕಾಗದ ಮುಂದಿಟ್ಟರು. ಹನ್ನೊಂದು ಸಾವಿರ ಕಪ್ಪು ದ್ರವ್ಯ ಹಿಡಿದ ಸಾಧನೆಗಾಗಿ ಶಾಂಭವಿಯ ಅವಧಿ ಐದು ವರ್ಷ ವಿಸ್ತರಣೆಯಾಗಿತ್ತು. ಇನ್ನು ಮುಂದೆ ಮಂಕು ಬೆಳಕುಗಳನ್ನು ಕಚೇರಿಗೆ ತರುವಂತಿಲ್ಲ ಎಂಬುದೊಂದೇ ಷರತ್ತು.

ಅವಳು ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ ಸಹಿ ಮಾಡಿದಳು.

ನಂದೀಶ ಎಲ್ಲರಿಗೂ ಚಹಾ ತಂದ. ಕಣದ ಹಾಜರಿ ಬಿದ್ದಿದೆಯಲ್ಲ ಎಂದು ಒಂದು ಕಪ್ ಹೆಚ್ಚಿಗೆ ತಂದಿದ್ದ. ಅದನ್ನು ಕೇದಾರನಾಥರು ಕುಡಿದರು.